ನಿಂತ ಗಾಡಿಗೆ ಯಾಕೆ ಇನ್ಶೂರೆನ್ಸು?

ಬ್ಲಾಗಿನ ಕಡೆ ತಲೆ ಹಾಕಿ ಮೂರು ತಿಂಗಳಾಯ್ತು. ಕವನ, ಪ್ರವಾಸ ಕಥನ ಏನಾದರೂ ಬರುತ್ತೆ ಅಂತ ಕಾದವರು ಕ್ಷಮಿಸಿ, ಇವತ್ತಿನ ವಿಷಯ ವಾಹನ ವಿಮೆ :) ಓಡಿ ಹೋಗಬೇಡಿ, ನಿಮ್ಮ ಊರಿನ ಮನೆಯ ಶೆಡ್ಡಿನಲ್ಲೂ ಒಂದು ಗಾಡಿ ಧೂಳು ಹೊದ್ದುಕೊಂಡು ನಿಂತಿರುತ್ತೆ ಅನ್ನೋದು ನನಗೆ ಗೊತ್ತು.

ನಮ್ಮ ಬಂಧುಬಳಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಹಂಚಿಹೋಗಿದೆ. ಮದುವೆ ಮನೆಯಾಗಲಿ ತಿಥಿ ಮನೆಯಾಗಲಿ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಯಾರಾದರೂ ಒಬ್ಬರು ಈ ಮಾತು ಎತ್ತೇ ಎತ್ತುತ್ತಾರೆ. "ಓಡಿಸೋದೇ ಇಲ್ಲ ಕಣಯ್ಯಾ, ಸುಮ್ಮನೆ ನಿಂತಿದೆ. ಅದಕ್ಯಾಕೆ ಇನ್ಶೂರೆನ್ಸು? ದುಡ್ಡು ದಂಡ." ಸುತ್ತ ಕೂತವರೆಲ್ಲ ತಲೆ ಆಡಿಸುತ್ತಾರೆ. ಕೇಳೋದಕ್ಕೆ ನ್ಯಾಯವಾಗಿಯೇ ಇದೆ. ಆದರೆ ನನಗೆ ಈ ಮಾತು ಒಪ್ಪಿಗೆ ಇಲ್ಲ. ಯಾಕಿಲ್ಲ ಅಂತ ಎಲೆ ಅಡಿಕೆಯ ಹೊತ್ತಿನಲ್ಲಿ ಹೇಳೋಕೆ ಹೋದರೆ "ಕಂಪ್ಯೂಟರ್ ಓದಿದವನು ಎಲ್ಲದಕ್ಕೂ ಲೆಕ್ಕ ಹಾಕ್ತಾನೆ" ಅಂತ ನಗುತ್ತಾರೆ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು, ನಮ್ಮ ಕಡೆ ಇಷ್ಟೊಂದು ಗಾಡಿಗಳು ಯಾಕೆ ನಿಂತಿವೆ ಅನ್ನೋದು. ಬೆಂಗಳೂರಿನಿಂದ ಐವತ್ತು ಅರವತ್ತು ಕಿಲೋಮೀಟರ್ ದೂರದ ಊರುಗಳು ಇವು. 2007ರಲ್ಲಿ ರಾಮನಗರ ಜಿಲ್ಲೆ ಆಯ್ತು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಅಂತ ಹೆಸರೂ ಬದಲಾಯ್ತು, ಗಾಡಿಗಳ ಹಣೆ ಮೇಲೆ ಮಾತ್ರ ಅದೇ ಕೆಎ 42. ಹುಡುಗರು ಬೆಂಗಳೂರಲ್ಲಿ ರೂಮು ಮಾಡುತ್ತಾರೆ, ಬೈಕು ಊರಲ್ಲಿ ಉಳಿಯುತ್ತೆ. ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶ ಇಲ್ಲ ಅಂದಮೇಲೆ ಚನ್ನಪಟ್ಟಣ, ರಾಮನಗರದ ಎಷ್ಟೋ ಜನ ರೈಲನ್ನೇ ನೆಚ್ಚಿಕೊಂಡರು. (ಕನಕಪುರ, ಮಾಗಡಿಯವರಿಗೆ ಆ ಭಾಗ್ಯವೂ ಇಲ್ಲ, ರೈಲೇ ಇಲ್ಲ.) ಇನ್ನು ವಿದೇಶಕ್ಕೆ ಹೋದವರ ಕಾರುಗಳು. ಮಾರೋಕೆ ಮನಸ್ಸು ಬರಲ್ಲ, ಓಡಿಸೋಕೆ ಜನ ಇಲ್ಲ. ಚನ್ನಪಟ್ಟಣದ ಮರದ ಕಾರಾದರೆ ಶೋಕೇಸಿನಲ್ಲಿ ಇಟ್ಟು ಮರೆತುಬಿಡಬಹುದಿತ್ತು...

ಈಗ ಕಾನೂನು. ನಮ್ಮ ದೊಡ್ಡವರ ವಾದದಲ್ಲಿ ಅರ್ಧ ಸತ್ಯ ಇದೆ, ಅದನ್ನು ಮೊದಲು ಒಪ್ಪಿಕೊಳ್ಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ "ಗಾಡಿ ಇದ್ದರೆ ವಿಮೆ ಇರಬೇಕು" ಅಂತ ಹೇಳುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಗಾಡಿ "ಬಳಸಬೇಕಾದರೆ", ಅಥವಾ ಬೇರೆಯವರಿಗೆ ಬಳಸಲು ಬಿಡಬೇಕಾದರೆ, ಥರ್ಡ್ ಪಾರ್ಟಿ ವಿಮೆ ಇರಲೇಬೇಕು ಅನ್ನುತ್ತೆ. ಹಾಗಾದರೆ ಬೀಗ ಹಾಕಿದ ಶೆಡ್ಡಿನಲ್ಲಿ, ಕಾಂಪೌಂಡಿನ ಒಳಗೆ, ಚಕ್ರ ಬಿಚ್ಚಿ ಇಟ್ಟಿಗೆ ಮೇಲೆ ಕೂರಿಸಿದ ಕಾರಿಗೆ ವಿಮೆ ಇಲ್ಲದಿದ್ದರೆ ಯಾವ ಪೊಲೀಸೂ ದಂಡ ಹಾಕಲಾರ.

ಆದರೆ ಆ ಎರಡು ಪದ ನೋಡಿ: "ಸಾರ್ವಜನಿಕ ಸ್ಥಳ" ಮತ್ತು "ಬಳಕೆ". ನಮ್ಮೂರುಗಳಲ್ಲಿ ಎಷ್ಟು ಮನೆಗೆ ಕಾಂಪೌಂಡಿದೆ? ಗಾಡಿ ನಿಲ್ಲೋದು ಬೀದಿಯಲ್ಲಿ, ಅರಳಿಕಟ್ಟೆ ಪಕ್ಕ, ಇಲ್ಲಾ ರೈಲ್ವೆ ಸ್ಟೇಷನ್ ಸ್ಟ್ಯಾಂಡಿನಲ್ಲಿ. ಜನರಿಗೆ ಹೋಗಿ ಬರುವ ಹಕ್ಕಿರುವ ಯಾವ ಜಾಗವೂ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳವೇ. ಇನ್ನು ಬಳಕೆ ಅಂದರೆ ಓಡುವುದೊಂದೇ ಅಲ್ಲ. 1987ರಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಒಂದು ಪೆಟ್ರೋಲ್ ಟ್ಯಾಂಕರ್ ಉರುಳಿ ಬಿದ್ದಿತ್ತು. ಬಿದ್ದು ಸುಮಾರು ನಾಲ್ಕು ಗಂಟೆ ಆದಮೇಲೆ ಸಿಡಿದು, ಸುತ್ತ ಸೇರಿದ್ದ ಜನ ಸುಟ್ಟು ಸತ್ತರು. ಟ್ಯಾಂಕರ್ ನಿಂತೇ ಇತ್ತಲ್ಲ, ಅದು "ಬಳಕೆ" ಹೇಗಾಗುತ್ತೆ ಅನ್ನೋ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯ್ತು. 1991ರ ತೀರ್ಪಿನಲ್ಲಿ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ನಿಂತ ಗಾಡಿ, ಕೆಟ್ಟು ಬಿದ್ದ ಗಾಡಿ ಕೂಡ ಬಳಕೆಯಲ್ಲೇ ಇರಬಹುದು ಅಂತ ಹೇಳಿತು.

ಇದನ್ನೆಲ್ಲ ಬದಿಗಿಡಿ. ನನ್ನ ನಿಜವಾದ ತಕರಾರು ಬೇರೆ. ನಿಂತ ಗಾಡಿ ಅನ್ನೋದೇ ನಮ್ಮ ಕಡೆ ಸುಳ್ಳು!

ನಮ್ಮ ದೊಡ್ಡಪ್ಪನ ಮಗ ಜರ್ಮನಿಯಲ್ಲಿದ್ದಾನೆ, ಅವನ ಕಾರು ಮಾಗಡಿ ಹತ್ತಿರದ ಊರಿನಲ್ಲಿದೆ. "ನಿಂತೇ ಇದೆ" ಅಂತ ಮನೆಯವರೆಲ್ಲ ಪ್ರಮಾಣ ಮಾಡುತ್ತಾರೆ. ಆದರೆ ಬ್ಯಾಟರಿ ಸತ್ತುಹೋಗುತ್ತೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತೆ, ಇಲಿ ಬಾನೆಟ್ಟಿನಲ್ಲಿ ಸಂಸಾರ ಹೂಡುತ್ತೆ. ಹಾಗಾಗಿ ಪ್ರತಿ ಭಾನುವಾರ ದೊಡ್ಡಪ್ಪ ಅದನ್ನು ಸ್ಟಾರ್ಟ್ ಮಾಡಿ ಸಾವನದುರ್ಗದ ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್ ಹೋಗಿ ಬರುತ್ತಾರೆ. ಮೆಕ್ಯಾನಿಕ್ ಹೇಳಿಕೊಟ್ಟಿದ್ದೇ ಹಾಗೆ. ಗಾಡಿಯನ್ನು ಸುಮ್ಮನೆ ನಿಲ್ಲಿಸಿಡೋಕೂ ಅದನ್ನು ಆಗಾಗ ಓಡಿಸಲೇಬೇಕು ಅಂತಾಯ್ತು. ಭಾನುವಾರದ ಆ ಹತ್ತು ನಿಮಿಷಕ್ಕೆ ಕಾಯ್ದೆ ಪೂರ್ತಿಯಾಗಿ ಅನ್ವಯಿಸುತ್ತೆ, ಬೆಂಗಳೂರಿಗೆ ದಿನಾ ಓಡಾಡುವ ಕಾರಿಗೆ ಅನ್ವಯಿಸುವಷ್ಟೇ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲ 2,000 ರೂ. ದಂಡ, ಮತ್ತೆ ಸಿಕ್ಕಿಬಿದ್ದರೆ 4,000, ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ.

ಬೈಕಿನ ಕಥೆ ಇನ್ನೂ ಸಲೀಸು. ಕೀಲಿ ಗೋಡೆಯ ಮೊಳೆಗೆ ನೇತಾಡುತ್ತಿರುತ್ತೆ. "ಆಂಟಿ, ಹಾಲಿನ ಡೈರಿಗೆ ಹೋಗಿ ಬಂದ್ಬಿಡ್ತೀನಿ" ಅಂತ ಪಕ್ಕದ ಮನೆ ಹುಡುಗ ಕೇಳಿದರೆ ಇಲ್ಲ ಅನ್ನೋ ತಾಯಂದಿರು ನಮ್ಮ ಕಡೆ ಇಲ್ಲ. ಆ ಹುಡುಗನಿಗೆ ಹದಿನೆಂಟು ತುಂಬಿರದಿದ್ದರೆ ಮುಗೀತು. 2019ರಲ್ಲಿ ಸೇರಿಸಿದ 199ಎ ಸೆಕ್ಷನ್ ಪ್ರಕಾರ ಅವನ ಪೋಷಕರಿಗೂ ಗಾಡಿಯ ಮಾಲೀಕನಿಗೂ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಮಾಲೀಕ ಬೆಂಗಳೂರಿನ ಮಾನ್ಯತಾ ಟೆಕ್‌ಪಾರ್ಕಿನಲ್ಲಿ ಮೀಟಿಂಗಿನಲ್ಲಿ ಕೂತಿರುತ್ತಾನೆ ಪಾಪ...

ಪೋರ್ಚುಗಲ್‌ನಲ್ಲಿ ಇಂಥದ್ದೇ ಒಂದು ಪ್ರಕರಣ ನಡೆದಿದೆ, ಓದಿದಾಗ ನಮ್ಮೂರಿನದೇ ಅನ್ನಿಸಿತು. ಅಲ್ಲೊಬ್ಬ ಹೆಂಗಸು ಆರೋಗ್ಯ ಕೆಟ್ಟು ಕಾರು ಓಡಿಸುವುದನ್ನು ಬಿಟ್ಟಳು. ಕಾರನ್ನು ಮನೆಯ ಅಂಗಳದಲ್ಲಿ ನಿಲ್ಲಿಸಿದಳು, ವಿಮೆಯನ್ನೂ ಮಾಡಿಸಲಿಲ್ಲ. 2006ರಲ್ಲಿ ಮಗ ಅವಳಿಗೆ ಹೇಳದೆ ಕೇಳದೆ ಕಾರು ತೆಗೆದುಕೊಂಡು ಹೋದ. ಅಪಘಾತದಲ್ಲಿ ಅವನೂ ಜೊತೆಗಿದ್ದ ಇಬ್ಬರೂ ಸತ್ತರು. ಆ ಇಬ್ಬರ ಮನೆಯವರಿಗೆ ಅಲ್ಲಿನ ಸರ್ಕಾರಿ ಪರಿಹಾರ ನಿಧಿ ಹಣ ಕೊಟ್ಟು, ಅದನ್ನು ವಸೂಲಿ ಮಾಡಲು ಆ ತಾಯಿಯ ಮೇಲೂ ಕೇಸು ಹಾಕಿತು. ನಾನು ಓಡಿಸಲೇ ಇಲ್ಲ, ಅಂಗಳದಲ್ಲಿ ನಿಂತ ಕಾರಿಗೆ ವಿಮೆ ಯಾಕೆ ಮಾಡಿಸಬೇಕಿತ್ತು ಅನ್ನೋದು ಅವಳ ವಾದ. ಯುರೋಪಿನ ನ್ಯಾಯಾಲಯ 2018ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಉತ್ತರ ಇಷ್ಟು: ಕಾರಿನ ನೋಂದಣಿ ರದ್ದಾಗಿಲ್ಲ, ಓಡುವ ಸ್ಥಿತಿಯಲ್ಲಿದೆ ಅಂದಮೇಲೆ, ಓಡಿಸೋದಿಲ್ಲ ಅಂತ ನೀನೇ ತೀರ್ಮಾನ ಮಾಡಿ ನಿಲ್ಲಿಸಿದ್ದರೂ ವಿಮೆ ಬೇಕು. ಮಗನನ್ನು ಕಳೆದುಕೊಂಡ ತಾಯಿಗೆ ಈ ಮಾತು ಕ್ರೂರ ಅನ್ನಿಸಿರಬಹುದು. ಆದರೆ ಸತ್ತ ಇನ್ನಿಬ್ಬರ ತಾಯಂದಿರನ್ನೂ ನೆನೆಸಿಕೊಳ್ಳಿ.

ನಮ್ಮಲ್ಲಿ ಹಾಗಾದರೆ ಲೆಕ್ಕ ಎಷ್ಟಾಗುತ್ತೆ? ಇಂಜಿನಿಯರ್ ಬುದ್ಧಿ, ಲೆಕ್ಕ ಹಾಕದೆ ಬಿಡೋಕಾಗಲ್ಲ. ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಗೂಡು ತರುವ ಒಬ್ಬ ರೈತ ಅಂತ ಇಟ್ಟುಕೊಳ್ಳಿ. ವಯಸ್ಸು 28, ತಿಂಗಳ ಆದಾಯ 15,000 ರೂ., ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನನ್ನೇ ನಂಬಿದ್ದಾರೆ. ನಿಮ್ಮ "ನಿಂತ" ಬೈಕು ಅವನಿಗೆ ಗುದ್ದಿ ಜೀವ ಹೋಯ್ತು. ಸುಪ್ರೀಂ ಕೋರ್ಟಿನ 2009ರ ಮತ್ತು 2017ರ ತೀರ್ಪುಗಳು ಪರಿಹಾರದ ಸೂತ್ರವನ್ನು ಹಾಕಿಕೊಟ್ಟಿವೆ. ಮುಂದೆ ಆದಾಯ ಹೆಚ್ಚುತ್ತಿತ್ತು ಅನ್ನೋ ಲೆಕ್ಕಕ್ಕೆ ಶೇಕಡಾ 40 ಸೇರಿಸಿದರೆ 21,000. ಅವನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ 17. ಒಟ್ಟು 32,13,000 ರೂಪಾಯಿ. ಅಂತ್ಯಕ್ರಿಯೆ ಖರ್ಚು, ಬಡ್ಡಿ ಎಲ್ಲ ಬೇರೆ.

ವಿಮೆ ಇಲ್ಲದಿದ್ದರೆ ಇದನ್ನು ಕೊಡಬೇಕಾದವರು ಓಡಿಸಿದವನು ಮತ್ತು ಗಾಡಿಯ ಮಾಲೀಕ, ಅಂದರೆ ನೀವು. ಕೊಡದಿದ್ದರೆ 174ನೇ ಸೆಕ್ಷನ್ ಪ್ರಕಾರ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಸರ್ಟಿಫಿಕೇಟ್ ಕಳಿಸಬಹುದು, ಅವರು ಭೂಕಂದಾಯದ ಬಾಕಿ ವಸೂಲಿ ಮಾಡುವ ಹಾಗೆ ವಸೂಲಿ ಮಾಡುತ್ತಾರೆ. ಪಹಣಿಯಲ್ಲಿ ಅಪ್ಪನ ನಂತರ ನಿಮ್ಮ ಹೆಸರು ಬಂದಿರುವ ಆ ಎರಡೆಕರೆ ನೆನಪಿಗೆ ಬಂತಾ? ಇಷ್ಟಾದರೂ ಗೂಡು ತರುವವನ ಮನೆಯವರ ಕೈಗೆ ಹಣ ಬೇಗ ಸಿಗುತ್ತೆ ಅಂತೇನಿಲ್ಲ. ನಿಮ್ಮ ಹತ್ತಿರ ಏನೂ ಇಲ್ಲದಿದ್ದರೆ ಅವರ ಕೈಯಲ್ಲಿ ಉಳಿಯೋದು ತೀರ್ಪಿನ ಕಾಗದ ಮಾತ್ರ. ವಿಮೆ ಇದ್ದರೆ, ಓಡಿಸಿದವನಿಗೆ ಲೈಸೆನ್ಸ್ ಇಲ್ಲದ ಎಷ್ಟೋ ಪ್ರಕರಣಗಳಲ್ಲೂ ಕೋರ್ಟುಗಳು ಮೊದಲು ಕಂಪನಿ ಸಂತ್ರಸ್ತರಿಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಹೇಳಿವೆ. ಆ ಮನೆಯವರಿಗಾದರೂ ಅನ್ನ ಸಿಗುತ್ತೆ.

ಇದನ್ನು ತಪ್ಪಿಸೋಕೆ ಆಗುವ ಖರ್ಚು? 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 75ರಿಂದ 150 ಸಿಸಿ ಬೈಕಿನ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 714 ರೂ., ಸಾವಿರ ಸಿಸಿ ಒಳಗಿನ ಕಾರಿಗೆ 2,094, ಸಾವಿರದಿಂದ ಸಾವಿರದೈನೂರು ಸಿಸಿಗೆ 3,416, ತೆರಿಗೆ ಬೇರೆ. ಬೈಕಿಗೆ ದಿನಕ್ಕೆ ಎರಡು ರೂಪಾಯಿಯೂ ಬೀಳಲಿಲ್ಲ. ಬೈಕಿನ ವಿಷಯದಲ್ಲಿ ನನ್ನ ಮಟ್ಟಿಗೆ ಚರ್ಚೆ ಇಲ್ಲಿಗೆ ಮುಗೀತು. ನಿಂತಿರಲಿ, ಓಡುತ್ತಿರಲಿ, ಕಟ್ಟಿಬಿಡಿ.

ಕಾರಿನ ವಿಷಯ ಅಷ್ಟು ಸುಲಭ ಅಲ್ಲ, ಇಲ್ಲಿ ನಮ್ಮ ಜನ ಇನ್ನೊಂದು ಜಾಣತನ ಮಾಡುತ್ತಾರೆ. "ಸರಿ, ಪೊಲೀಸರ ಕಾಟ ಬೇಡ, ಥರ್ಡ್ ಪಾರ್ಟಿ ಮಾತ್ರ ಇರಲಿ. ನಿಂತ ಕಾರಿಗೆ ಫುಲ್ ಇನ್ಶೂರೆನ್ಸ್ ಯಾಕೆ?" ಅಂತ. ಆದರೆ ನಿಂತ ಕಾರಿಗೆ ಬರುವ ಗಂಡಾಂತರ ಯಾವುದು? ಬೆಂಕಿ, ಕಳ್ಳ, ಮರ, ನೀರು. ಇದ್ಯಾವುದೂ ಥರ್ಡ್ ಪಾರ್ಟಿಯಲ್ಲಿ ಬರಲ್ಲ! ಎಲ್ಲವೂ ಇರೋದು ಇವರು ಬಿಟ್ಟುಬಿಟ್ಟ ಓನ್ ಡ್ಯಾಮೇಜ್ ಭಾಗದಲ್ಲಿ. ರಾಗಿ ಹುಲ್ಲಿನ ಮೆದೆ ಪಕ್ಕದಲ್ಲೇ ಕಾರು ನಿಲ್ಲಿಸಿರುವ ಮನೆಗಳನ್ನು ಕನಕಪುರದ ಕಡೆ ಎಷ್ಟು ನೋಡಿಲ್ಲ ನಾನು...

2022ರ ಆಗಸ್ಟ್ ಕೊನೆಯ ಮಳೆ ನೆನಪಿದೆಯಾ? ರಾಮನಗರ ಸುತ್ತಮುತ್ತ ಕೆರೆಗಳು ಕೋಡಿ ಹರಿದು ಬೆಂಗಳೂರು-ಮೈಸೂರು ಹೆದ್ದಾರಿಯೇ ಹೊಳೆಯಾಗಿತ್ತು, ಸಂಗಬಸವನದೊಡ್ಡಿ ಹತ್ತಿರ ಅಂಡರ್‌ಪಾಸಿನ ನೀರಿನಲ್ಲಿ ಬಸ್ಸು, ಕಾರುಗಳು ಸಿಕ್ಕಿಕೊಂಡಿದ್ದವು. ಟಿವಿಯವರು ತೋರಿಸಿದ್ದು ರಸ್ತೆಯಲ್ಲಿ ಮುಳುಗಿದ ಗಾಡಿಗಳನ್ನು. ಮನೆ ಮುಂದೆ ನಿಂತಲ್ಲೇ ನೀರು ಕುಡಿದ ಗಾಡಿಗಳನ್ನು ಯಾರು ತೋರಿಸುತ್ತಾರೆ? ಅದಾದ ಒಂದು ವಾರಕ್ಕೆ ಬೆಂಗಳೂರಿನ ಸರ್ಜಾಪುರ ರಸ್ತೆ, ಯಮಲೂರು ಕಡೆ ಬೇಸ್‌ಮೆಂಟಿನಲ್ಲಿ ನಿಂತ ಲಕ್ಷಾಂತರ ರೂಪಾಯಿಯ ಕಾರುಗಳು ಮುಳುಗಿದವು. ಅವೂ ಓಡುತ್ತಿರಲಿಲ್ಲ.

ಇನ್ನೊಂದು ಮಾತು, ಊರಲ್ಲಿ ಕಾರು ಬಿಟ್ಟಿರುವವರು ಇದನ್ನು ಮನೆಯವರಿಗೆ ಫೋನು ಮಾಡಿ ಹೇಳಿ. ನೀರು ಹೊಕ್ಕ ಕಾರನ್ನು ಸ್ಟಾರ್ಟ್ ಮಾಡಿ ನೋಡಬಾರದು. ಇಂಜಿನ್‌ಗೆ ನೀರು ಹೋಗಿದ್ದಾಗ ಸೆಲ್ಫ್ ಹೊಡೆದರೆ ಇಂಜಿನ್ ಒಡೆಯುತ್ತೆ, ಅದು ಪ್ರವಾಹದಿಂದ ಆದ ಹಾನಿಯಲ್ಲ, ನೀವೇ ಮಾಡಿಕೊಂಡದ್ದು ಅಂತ ಕಂಪನಿ ಕೈ ಎತ್ತುತ್ತೆ. ಟೋಯಿಂಗ್ ಮಾಡಿಸಬೇಕು ಅಷ್ಟೆ. ಹಾಗೇ ಎರಡೂ ಕೀಲಿ ಎಲ್ಲಿವೆ ಅನ್ನೋದು ಗೊತ್ತಿರಲಿ, ಕಳವಾದಾಗ ಕಂಪನಿಯವರು ಮೊದಲು ಕೇಳೋದೇ ಅವನ್ನು.

ಈಗ ನನ್ನ ಸಿಟ್ಟಿಗೆ ಬರ್ತೀನಿ. ನಿಲ್ಲಿಸಿಟ್ಟ ಗಾಡಿಗೆ ಒಂದು ಸರಿಯಾದ ವ್ಯವಸ್ಥೆ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಅಂತ ನಾನು ಅಂದುಕೊಂಡಿದ್ದೆ. ಹುಡುಕಿದರೆ, ಇದೆ! 2002ರ ಇಂಡಿಯಾ ಮೋಟಾರ್ ಟಾರಿಫ್ ಪುಸ್ತಕದಲ್ಲಿ ಐಎಂಟಿ 11 ಅನ್ನೋ ಷರತ್ತಿದೆ, ಎ, ಬಿ, ಸಿ ಅಂತ ಮೂರು ಬಗೆ. ಗಾಡಿಯನ್ನು ಗ್ಯಾರೇಜಿನಲ್ಲಿ ಇಟ್ಟು ಇಂತಿಂಥ ತಾರೀಖಿನವರೆಗೆ ಬಳಸೋದಿಲ್ಲ ಅಂತ ಕಂಪನಿಗೆ ಮುಂಚೆಯೇ ತಿಳಿಸಿದರೆ, ಆ ಅವಧಿಗೆ ಮಿಕ್ಕೆಲ್ಲ ಹೊಣೆ ಅಮಾನತಿನಲ್ಲಿರುತ್ತೆ. ಬೆಂಕಿ, ಸಿಡಿಲು, ಕಳವು, ಗಲಭೆ, ಬಿರುಗಾಳಿ, ಪ್ರವಾಹ, ಭೂಕಂಪಗಳ ರಕ್ಷಣೆ ಮಾತ್ರ ಮುಂದುವರಿಯುತ್ತೆ. ಬದಲಿಗೆ ಮುಂದಿನ ನವೀಕರಣದ ಪ್ರೀಮಿಯಂನಲ್ಲಿ ಒಂದಷ್ಟು ಕಳೆಯುತ್ತಾರೆ, ಇಲ್ಲವೇ ಪಾಲಿಸಿಯ ಅವಧಿ ಹಿಗ್ಗಿಸುತ್ತಾರೆ. ನಿಂತ ಕಾರಿಗೆ ಬೇಕಾದ್ದು ಅಳತೆ ತೆಗೆದು ಹೊಲಿದ ಹಾಗಿದೆ ಅಲ್ವಾ?

ದೊಡ್ಡಪ್ಪನ ಮಗನ ಪರವಾಗಿ ಅವನ ವಿಮಾ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನು ಮಾಡಿದೆ. "ಲೇ-ಅಪ್ ಎಂಡಾರ್ಸ್‌ಮೆಂಟ್ ಬೇಕು" ಅಂದೆ. ಆ ಕಡೆಯ ಹುಡುಗಿ, "ಸರ್, ಲೇಆಫ್ ಆಗಿದೆಯಾ ನಿಮಗೆ?" ಅಂದಳು. ನಾವು ಸಾಫ್ಟ್‌ವೇರ್‌ನವರು ಆ ಪದ ಕೇಳಿದರೇ ಬೆಚ್ಚಿಬೀಳುತ್ತೇವೆ :) ಮೂರು ಸಲ ಲೈನು ಬದಲಾಯಿಸಿ, ಕೊನೆಗೆ ಒಬ್ಬರು "ಆ ಥರದ್ದು ಸಿಸ್ಟಮ್‌ನಲ್ಲಿ ಇಲ್ಲ ಸರ್" ಅಂದರು. ಸಿಸ್ಟಮ್‌ನಲ್ಲಿ ಇಲ್ಲ! ಈ ಮಾತನ್ನು ನಾನು ಆಫೀಸಿನಲ್ಲಿ ಎಷ್ಟು ಜನರಿಗೆ ಹೇಳಿದ್ದೀನೋ ಲೆಕ್ಕ ಇಲ್ಲ, ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು. ಯಾರೋ ಒಬ್ಬ ಡೆವಲಪರ್ "ವಿಮೆ ಇದೆ", "ವಿಮೆ ಇಲ್ಲ" ಅಂತ ಎರಡೇ ಸ್ಥಿತಿ ಬರೆದು ಕೈ ತೊಳೆದುಕೊಂಡಿದ್ದಾನೆ. "ನಿಂತಿದೆ" ಅನ್ನೋ ಮೂರನೆಯದನ್ನು ಬರೆಯಲು ಯಾರೂ ಅವನಿಗೆ ಹೇಳಿಲ್ಲ.

ಸರ್ಕಾರಕ್ಕೆ ಈ ಮೂರನೇ ಸ್ಥಿತಿ ಗೊತ್ತಿಲ್ಲದ್ದೇನಲ್ಲ. ಬಾಡಿಗೆ ಗಾಡಿಯವರು, ಲಾರಿಯವರು ಇಷ್ಟು ದಿನ ಗಾಡಿ ಓಡಿಸಲ್ಲ ಅಂತ ಆರ್‌ಟಿಓಗೆ ಮೊದಲೇ ಬರೆದುಕೊಟ್ಟು, ದಾಖಲೆ ಒಪ್ಪಿಸಿ, ಆ ಅವಧಿಯ ತೆರಿಗೆಯಿಂದ ಪಾರಾಗಬಹುದು. ಬ್ರಿಟನ್‌ನಲ್ಲಿ 1998ರಿಂದಲೇ ಎಲ್ಲ ಗಾಡಿಗೂ ಇಂಥ ಘೋಷಣೆ ಇದೆ. ಗಾಡಿ ರಸ್ತೆಯಲ್ಲಿಲ್ಲ ಅಂತ ಹೇಳಿ, ತೆರಿಗೆಯೂ ಬೇಡ, ವಿಮೆಯೂ ಕಡ್ಡಾಯ ಅಲ್ಲ. ಆದರೆ ಬೀದಿಯಲ್ಲಿ ನಿಲ್ಲಿಸಿದರೂ ತಪ್ಪು. ಘೋಷಣೆಯೂ ಮಾಡದೆ ವಿಮೆಯೂ ಇಲ್ಲದೆ ಇಟ್ಟುಕೊಂಡರೆ, 2011ರಿಂದ, ಗಾಡಿ ಅಲ್ಲಾಡದಿದ್ದರೂ ದಂಡ. ನಮಗೆ ಬೇಕಾದ್ದು ಇದೇ. ವಾಹನ್ ಪೋರ್ಟಲ್ಲಿನಲ್ಲಿ ಒಂದು ಬಟನ್, ಒತ್ತಿದರೆ ಕಂಪನಿಗೂ ಪೊಲೀಸರಿಗೂ ಗೊತ್ತಾಗಬೇಕು. ಈಗಿನ ಸ್ಥಿತಿಯಲ್ಲಿ ಥರ್ಡ್ ಪಾರ್ಟಿ ಇಲ್ಲದೆ ಓನ್ ಡ್ಯಾಮೇಜ್ ಮಾತ್ರ ಬೇಕು ಅಂದರೆ ಆನ್‌ಲೈನ್‌ನಲ್ಲಿ ಯಾರೂ ಕೊಡಲ್ಲ.

ಆ ಬಟನ್ ಬರುವವರೆಗೆ? ಐಎಂಟಿ 11 ಸಿಕ್ಕರೂ ದೊಡ್ಡಪ್ಪನ ಭಾನುವಾರದ ಸವಾರಿ ನಿಲ್ಲದ ತನಕ ಅದು ಅಪಾಯವೇ, ಆ ಅವಧಿಯಲ್ಲಿ ಥರ್ಡ್ ಪಾರ್ಟಿ ಹೊಣೆ ಅಮಾನತಿನಲ್ಲಿರುತ್ತಲ್ಲ. ಅವರಿಗೆ ನಾನು ಹೇಳಿದ್ದು, 2022ರ ಜುಲೈನಲ್ಲಿ ಐಆರ್‌ಡಿಎಐ ಅನುಮತಿ ಕೊಟ್ಟ, ಓಡಿಸಿದಷ್ಟು ಕಿಲೋಮೀಟರಿಗೆ ತಕ್ಕ ಹಾಗೆ ಓನ್ ಡ್ಯಾಮೇಜ್ ಪ್ರೀಮಿಯಂ ಕಟ್ಟುವ ಪಾಲಿಸಿ ನೋಡಿ ಅಂತ. ವರ್ಷಕ್ಕೆ ಮುನ್ನೂರು ಕಿಲೋಮೀಟರೂ ಓಡದ ಕಾರಿಗೆ ಅದೇ ಸರಿ. ಥರ್ಡ್ ಪಾರ್ಟಿ ಪೂರ್ತಿ ಕಟ್ಟಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಪಾಲಿಸಿ ಮುಗಿದು 90 ದಿನ ದಾಟಿದರೆ ಕೂಡಿಟ್ಟ ನೋ ಕ್ಲೈಮ್ ಬೋನಸ್ ಪೂರ್ತಿ ಹೋಗುತ್ತೆ, ಐದು ವರ್ಷ ಕ್ಲೈಮ್ ಮಾಡದವನಿಗೆ ಅದು ಓನ್ ಡ್ಯಾಮೇಜ್ ಪ್ರೀಮಿಯಂನ ಅರ್ಧದಷ್ಟು. ಎರಡು ವರ್ಷ ಕಟ್ಟದೆ ಉಳಿಸಿದ್ದೆ ಅಂತ ಬೀಗುವವರು ಮತ್ತೆ ಶುರು ಮಾಡುವಾಗ ಇದನ್ನೂ ಕೂಡಿಸಿ ನೋಡಬೇಕು. ಕಾರು ಮಾರಿಯೇ ಹೋಗುವವರು ಬೋನಸ್ಸಿನ ಸರ್ಟಿಫಿಕೇಟ್ ಪಡೆದು ಇಟ್ಟುಕೊಳ್ಳಿ, ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು.

ದೊಡ್ಡಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ, "ನೋಡೋಣ" ಅಂದಿದ್ದಾರೆ. ಕಾರಿನ ಕೀಲಿ ಮಾತ್ರ ಗೋಡೆಯ ಮೊಳೆಯಿಂದ ಬೀರುವಿಗೆ ಹೋಗಿದೆ.

ನಿಮ್ಮಲ್ಲಿ ಯಾರಿಗಾದರೂ ಈ ಐಎಂಟಿ 11 ನಿಜವಾಗಿ ಸಿಕ್ಕಿದ್ದರೆ ದಯವಿಟ್ಟು ಕಾಮೆಂಟಿನಲ್ಲಿ ಬರೆಯಿರಿ. ಎಷ್ಟು ತಿಂಗಳಿಗೆ ಹಾಕಿಸಿದಿರಿ, ಅರ್ಜಿ ಯಾರ ಕೈಗೆ ಕೊಟ್ಟಿರಿ, ನವೀಕರಣದಲ್ಲಿ ಎಷ್ಟು ಕಳೆದರು, ಇಷ್ಟು ಸಾಕು. ಬೇಕಾದರೆ ಆ ಪಾಲಿಸಿಯ ಪುಟ ಹಿಡಿದುಕೊಂಡೇ ಮುಂದಿನ ಸಲ ಅವರ ಆಫೀಸಿಗೆ ಹೋಗ್ತೀನಿ.